ಎರಡು ಮನೆಗಳ ಕೋವಿ ಕರಾರು

ನನ್ನನ್ನು ಹಗೆಯವರ ಮನೆಗೆ ಮದುವೆ ಮಾಡಿಕೊಟ್ಟರು. ನಿಡುಗಲ್ ಬೆಟ್ಟದ ಬುಡದಲ್ಲಿರುವ ನಮ್ಮೂರಿನಲ್ಲಿ ಆಗ ಎರಡು ದೊಡ್ಡ ಮನೆಗಳಿದ್ದವು. ದಿಬ್ಬದ ಮೇಲಿದ್ದ ನನ್ನ ತವರಿಗೆ ಮೇಲ್ಮನೆ ಎಂದು ಹೆಸರು, ಹಳ್ಳದ ಕಡೆಗಿದ್ದ ಇನ್ನೊಂದಕ್ಕೆ ಕೆಳಮನೆ. ಜಾತಿ ಒಂದೇ, ದೇವರೂ ಒಂದೇ. ಆದರೆ ಕೆಳಮನೆಯ ನಾಯಿ ನಮ್ಮ ಅಂಗಳ ತುಳಿದರೂ ನನ್ನ ಅಮ್ಮ ಆ ಜಾಗಕ್ಕೆ ಸಗಣಿ ನೀರು ಹಾಕಿ ಸಾರಿಸುತ್ತಿದ್ದಳು.

ಕೋವಿ ಮೊದಲು ಬಂದದ್ದು ಹಂದಿಗಾಗಿ. ಬೆಟ್ಟದಿಂದ ಇಳಿದು ಬರುತ್ತಿದ್ದ ಕಾಡುಹಂದಿಗಳು ಕಡಲೆಕಾಯಿ ಹೊಲವನ್ನು ನೇಗಿಲು ಹೊಡೆದ ಹಾಗೆ ಕಿತ್ತುಹಾಕುತ್ತಿದ್ದವು. ಅಪ್ಪ ಲೈಸೆನ್ಸು ಮಾಡಿಸಿ ಕೇಪಿನ ಕೋವಿಯೊಂದನ್ನು ತಂದ. ನಳಿಗೆಯ ಬಾಯಿಂದ ಮದ್ದು ಗಿಡಿದು, ಹಿಂದೆ ಕೇಪು ಸಿಕ್ಕಿಸಿ ಹೊಡೆಯುವ ಹಳೇ ಕಾಲದ ಕೋವಿ. ಅದನ್ನು ನೋಡಿ ಕೆಳಮನೆಯವರೂ ಒಂದು ತಂದರು. ಅವರಲ್ಲಿ ಬಂತೆಂದು ನಾವು ಇನ್ನೊಂದು ತಂದೆವು. ಅವರು ಜೋಡಿ ನಳಿಗೆಯದನ್ನೇ ತರಿಸಿದರು. ಲೈಸೆನ್ಸು ಸಿಗದಿದ್ದಾಗ ಗಡಿಯಾಚೆಯ ತೆಲುಗು ಸೀಮೆಯ ಕಮ್ಮಾರರಿಂದ ಕಳ್ಳ ಕೋವಿಗಳು ಬಂದವು. ನನ್ನ ಅಜ್ಜಿ ತಲೆಬಾಗಿಲಲ್ಲಿ ಕೂತು ಬೈಯುತ್ತಿದ್ದಳು: "ಹಂದಿ ಹೊಡೀತೀವಿ ಅಂತ ತಂದ್ರಲ್ಲೋ, ಒಂದಾದ್ರೂ ಹಂದಿ ಸತ್ತೈತೇನ್ರೋ? ಇವು ತಿನ್ನಾದು ಮನುಷ್ಯರನ್ನೇ ಕಣ್ರೋ."

ಅವಳ ಮಾತು ಬೇಗ ನಿಜವಾಯಿತು. ಎರಡೂ ಮನೆಯ ಹೊಲಗಳ ನಡುವೆ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಎರಡನ್ನು ಹೂಡುವಂಥ ದೊಡ್ಡ ಬಾವಿಯೊಂದಿತ್ತು. ಅದರಲ್ಲಿ ಯಾರ ಪಾಲು ಎಷ್ಟು ಎಂಬುದರ ಮೇಲೆಯೇ ಜಗಳವೆಲ್ಲ. ಒಂದು ದಿನ ಮುಚ್ಚಂಜೆಯಲ್ಲಿ ನನ್ನ ಚಿಕ್ಕಪ್ಪ ಬಾವಿಯ ಹತ್ತಿರ ಎತ್ತು ಬಿಚ್ಚುತ್ತಿದ್ದಾಗ ಕೆಳಮನೆಯ ಕಡೆಯಿಂದ ಗುಂಡು ಹಾರಿತು. ಚರೆಗಳು ಮುಖಕ್ಕೆ ಬಡಿದು ಎಡಗಣ್ಣು ಹೋಯಿತು. ಪೊದೆ ಅಲ್ಲಾಡಿತು, ಹಂದಿ ಎಂದುಕೊಂಡೆವು ಎಂದರು ಕೆಳಮನೆಯವರು. ಕಂಡವರು ಯಾರೂ ಬಾಯಿ ಬಿಡಲಿಲ್ಲವಾಗಿ ಕೇಸು ನಿಲ್ಲಲಿಲ್ಲ. ಅವತ್ತಿನಿಂದ ಚಿಕ್ಕಪ್ಪ ನಗುವುದನ್ನು ನಾನು ನೋಡಿಲ್ಲ. ಆಸ್ಪತ್ರೆಯಿಂದ ಬಂದವನೇ ಜಗಲಿಯಲ್ಲಿ ಕೂತು ಗುಂಡು ಎರಕ ಹೊಯ್ಯಲು ಶುರುಮಾಡಿದ.

ಪಾವಗಡದಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು ಮಿಡ್ಲ್ ಸ್ಕೂಲು ಮುಗಿಸಿ ನಾನು ಊರಿಗೆ ಬಂದಾಗ ಐವತ್ತರ ದಶಕ ಮುಗಿಯುತ್ತಿತ್ತು. ಮಧುಗಿರಿ ಕಡೆಯ ಹಿರಿಯರು ಬಂದು ರಾಜಿ ಪಂಚಾಯಿತಿ ಮಾಡಿದರು. ಗಂಡಸರು ಕೂತು ಮೂರು ಹೊತ್ತು ಮಾತಾಡಿ ಕಂಡುಕೊಂಡ ಉಪಾಯ ಒಂದೇ: ಮೇಲ್ಮನೆಯ ಹುಡುಗಿಯನ್ನು ಕೆಳಮನೆಯ ಹಿರಿಮಗನಿಗೆ ಕೊಡುವುದು. ನನ್ನನ್ನು ಯಾರೂ ಕೇಳಲಿಲ್ಲ. ಕೋವಿಗಳ ಮಾತನ್ನೂ ಯಾರೂ ಎತ್ತಲಿಲ್ಲ. ಹೆಣ್ಣು ಕೊಟ್ಟ ಮೇಲೆ ಕೋವಿ ತಾನಾಗಿಯೇ ತುಕ್ಕು ಹಿಡಿಯುತ್ತದೆ ಎಂದು ಅವರು ನಂಬಿದ್ದರೋ, ನಂಬಿದಂತೆ ನಟಿಸಿದರೋ ಗೊತ್ತಿಲ್ಲ. ಧಾರೆಯ ಹೊತ್ತಿನಲ್ಲೂ ಎರಡು ಕಡೆಯ ಗಂಡಸರು ಚಪ್ಪರದ ಎರಡು ಮೂಲೆಗಳಲ್ಲಿ ಕೋವಿ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಪುರೋಹಿತರು ಒಂದು ಕಣ್ಣನ್ನು ಕೋವಿಗಳ ಮೇಲಿಟ್ಟೇ ಮಂತ್ರ ಮುಗಿಸಿದರು.

ಕೆಳಮನೆಯ ಹೊಸ್ತಿಲು ದಾಟಿದ ದಿನವೇ ಅತ್ತೆ ನನ್ನ ಟ್ರಂಕು ಬಿಚ್ಚಿಸಿ ಸೀರೆಗಳನ್ನು ಒಂದೊಂದಾಗಿ ಕೊಡವಿ ನೋಡಿದರು. "ನಿಮ್ಮಪ್ಪ ಸುದ್ದಿ ತರೋಕೆ ಕಳಿಸ್ಯವ್ನೆ ಅಂತ ನಮಗೆ ತಿಳೀದಾ?" ಎಂದರು. ಅಟ್ಟದ ಏಣಿಯನ್ನು ನನ್ನ ಕೈಗೆ ಸಿಗದಂತೆ ಹಿತ್ತಿಲಿಗೆ ಸಾಗಿಸಿದರು. ನನ್ನ ಗಂಡ ಕೆಟ್ಟವನಲ್ಲ, ಆದರೆ ಅವನಿಗೆ ತನ್ನ ಅಪ್ಪನ ಮುಂದೆ ನಾಲಿಗೆ ಏಳುತ್ತಿರಲಿಲ್ಲ. ಮಲಗುವ ಕೋಣೆಯಲ್ಲಿ ಕೂಡ ಅವನು ನನ್ನ ಜೊತೆ ಹೊಲ, ಮಳೆ, ಎತ್ತು ಇವಿಷ್ಟರ ಮಾತೇ ಆಡುತ್ತಿದ್ದ. ಮನೆಯ ವಿಷಯ ಬಂದರೆ ಗೋಡೆ ಕಡೆ ತಿರುಗುತ್ತಿದ್ದ.

ಮೊದಲ ಸಲ ತವರಿಗೆ ಹೋದಾಗ ಅಪ್ಪ ನನ್ನ ಆರೋಗ್ಯ ಕೇಳಲಿಲ್ಲ. ಕೈಕಾಲು ತೊಳೆಯುವ ಮೊದಲೇ ಕೇಳಿದ್ದು, "ಅಲ್ಲಿ ಎಷ್ಟವೆ?" ಏನು ಎಂದು ನಾನು ಕೇಳಬೇಕಾಗಿರಲಿಲ್ಲ. ತಿರುಗಿ ಗಂಡನ ಮನೆಗೆ ಬಂದರೆ ಮಾವ ಕಂಬಕ್ಕೆ ಒರಗಿ ಕಾದಿದ್ದರು. "ಏನಮ್ಮಾ, ನಿಮ್ಮಪ್ಪ ಹೊಸಾ ತುಪಾಕಿ ತಂದವ್ನಂತೆ? ಎಲ್ಲಿ ಮಡಗವ್ನೆ?" ನಾನು ಇಬ್ಬರಿಗೂ ಬಾಯಿ ಬಿಡಲಿಲ್ಲ. ಇಬ್ಬರೂ ನನ್ನನ್ನು ಕಳ್ಳಿ ಎಂದರು. ಬಾಯಿ ಮುಚ್ಚಿಕೊಂಡಿದ್ದರೆ ಎರಡು ಕಡೆಗೂ ದ್ರೋಹವಾಗುವುದಿಲ್ಲ ಎಂದು ನಾನು ಆಗ ತಿಳಿದಿದ್ದೆ.

ಆದರೆ ನಾನು ಹೇಳದೆ ಉಳಿಸಿದ್ದನ್ನೆಲ್ಲ ಅವರವರ ಭಯವೇ ತುಂಬಿಕೊಂಡಿತು. ಮೇಲ್ಮನೆಯ ಹಗೇವಿನಲ್ಲಿ, ಅಂದರೆ ರಾಗಿ ತುಂಬಿಡುವ ನೆಲದ ಗುಂಡಿಯಲ್ಲಿ, ರಾಗಿಯ ಬದಲು ಕೋವಿಗಳನ್ನೇ ಹೂತಿದ್ದಾರೆ ಎಂದು ಕೆಳಮನೆಯಲ್ಲಿ ಮಾತು. ಕೆಳಮನೆಯವರು ಗಡಿಯಾಚೆಯಿಂದ ಆಳುಗಳನ್ನು ಕರೆಸಿ ಹುಲ್ಲಿನ ಬಣವೆಯೊಳಗೆ ಬಚ್ಚಿಟ್ಟಿದ್ದಾರೆ ಎಂದು ಮೇಲ್ಮನೆಯಲ್ಲಿ ಮಾತು. ಬಣವೆಯಲ್ಲಿ ಇದ್ದದ್ದು ಹುಲ್ಲು ಮತ್ತು ಇಲಿ. ಹಗೇವಿನಲ್ಲಿ ಇದ್ದದ್ದು ಮುಗ್ಗಲು ರಾಗಿ. ಎರಡನ್ನೂ ಕಣ್ಣಾರೆ ಕಂಡವಳು ಊರಿನಲ್ಲಿ ನಾನೊಬ್ಬಳೇ.

ನಾನು ಬಸುರಿಯಾಗಿದ್ದಾಗ ಒಂದು ಮಧ್ಯಾಹ್ನ ಬಾವಿಯ ತೊಟ್ಟಿಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ರಸ್ತೆಯ ಕಡೆಯಿಂದ ಢಂ ಎಂಬ ಸದ್ದು ಬೆಟ್ಟಕ್ಕೆ ಬಡಿದು ಮಾರ್ದನಿಸಿತು. ಅಷ್ಟೇ. ಕೆಳಮನೆಯಿಂದ ಮಾವ, ನನ್ನ ಗಂಡ, ಆಳುಗಳು ಕೋವಿ ಹಿಡಿದು ಓಡಿ ಬಂದರು. ದಿಬ್ಬದಿಂದ ಅಪ್ಪ, ಚಿಕ್ಕಪ್ಪ, ಅವರ ಕಡೆಯವರು ಇಳಿದು ಬಂದರು. ಬಾವಿಯ ಆ ದಡದಲ್ಲಿ ಅವರು, ಈ ದಡದಲ್ಲಿ ಇವರು. ತೊಟ್ಟಿಯ ಹತ್ತಿರ ಒದ್ದೆ ಸೀರೆ ಹಿಡಿದುಕೊಂಡು ನಾನು. ಯಾರು ಮೊದಲು ಹೊಡೆದರು ಎಂದು ಒಬ್ಬರನ್ನೊಬ್ಬರು ಕೇಳುತ್ತಾ, ಬೈಯುತ್ತಾ, ಕೋವಿಗಳನ್ನು ಭುಜಕ್ಕೆ ಏರಿಸಿದರು. ಚಿಕ್ಕಪ್ಪ ಉಳಿದ ಒಂದು ಕಣ್ಣನ್ನು ಕಿರಿದು ಮಾಡಿ ನನ್ನ ಗಂಡನಿಗೆ ಗುರಿ ಹಿಡಿದದ್ದನ್ನು ನಾನು ನೋಡಿದೆ.

ನನಗೆ ಏನು ಬಂತೋ. ಸೀರೆ ಬಿಸಾಡಿ ಕಿರುಚಿದೆ. "ಅಪ್ಪಾ, ಕೇಳು! ಈ ಮನೇಲಿರೋದು ಜೋಡಿ ನಳಿಗೇದೊಂದು, ಕೇಪಿನವು ಮೂರು. ಅದ್ರಲ್ಲಿ ಒಂದು, ಕೇಪು ಹೊಡೆಯೋ ಕುದುರೆ ಮುರಿದು ರಿಪೇರಿಗೆ ಹೋಗೈತೆ. ಬಣವೇಲಿ ಯಾರೂ ಇಲ್ಲ! ಮಾವಾ, ನೀವೂ ಕೇಳಿ! ಮೇಲ್ಮನೇಲಿರೋದು ಕೇಪಿನವು ನಾಲ್ಕೇ. ಹಗೇವಲ್ಲಿ ರಾಗಿ ಬುಟ್ರೆ ಏನೂ ಇಲ್ಲ! ಇಷ್ಟಕ್ಕೆ ಹಿಂಗೆ ಹೆದರ್ಕೊಂಡು ಸಾಯ್ತಿದ್ದೀರಲ್ಲಾ, ಥೂ!"

ಕೋವಿಗಳು ಒಂದೊಂದಾಗಿ ಭುಜದಿಂದ ಇಳಿದವು. ಎದುರು ಕಡೆ ಇಪ್ಪತ್ತು ಕೋವಿ ಇವೆಯೆಂದು ಎಣಿಸಿಕೊಂಡು ಬಂದವರು ತಮ್ಮಷ್ಟೇ ಬಡವಾದ ಹಗೆಯನ್ನು ದಡದಾಚೆ ಕಂಡರು. ಅಷ್ಟು ಹೊತ್ತಿಗೆ ರಸ್ತೆ ಕಡೆಯಿಂದ ಒಬ್ಬ ಮನುಷ್ಯ ಗೋಣಿಚೀಲ ಸುತ್ತಿದ ಉದ್ದದ ಸಾಮಾನೊಂದನ್ನು ಹೆಗಲಿಗೆ ಹಾಕಿಕೊಂಡು ಬಂದರು. ಸಿರಾದಲ್ಲಿ ಕೋವಿ ರಿಪೇರಿ ಅಂಗಡಿ ಇಟ್ಟಿದ್ದ ಸಾಬರು. ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದು ಬಿಟ್ಟುಬಂದವರು. ಎರಡೂ ಮನೆಯವರ ಕೋವಿ ಕೆಟ್ಟರೆ ಅವರ ಹತ್ತಿರವೇ ಹೋಗುತ್ತಿತ್ತು. ಮಾವನ ಆ ಕುದುರೆ ಮುರಿದ ಕೋವಿಯನ್ನು ಸರಿಮಾಡಿ ಮುಟ್ಟಿಸಲು ಬಂದಿದ್ದರು.

"ಬಸ್ಸಿನ ಟೈರು ಸಿಡೀತು," ಎಂದರು ಹವಾಲ್ದಾರರು, ಎರಡು ದಡವನ್ನೂ ನೋಡುತ್ತಾ. "ಅರೆ, ಒಂದು ಟೈರಿಗೆ ಇಷ್ಟು ಜನ ಸಾಯೋಕೆ ಬಂದ್ರಾ?"

ಯಾರೂ ನಗಲಿಲ್ಲ. ಅವರೂ ನಗಿಸಲು ಹೇಳಿರಲಿಲ್ಲ. ಸಿಡುಕಿನ ಮನುಷ್ಯ. ಬಾವಿಯ ಚಪ್ಪಡಿಯ ಮೇಲೆ ಕೂತು ಬೀಡಿ ಹಚ್ಚಿದರು. ಕಾಶ್ಮೀರದಲ್ಲಿ ಕದನವಿರಾಮದ ಗೆರೆಯ ಮೇಲೆ ತಾನು ಇದ್ದೆ ಎಂದರು. ಅಲ್ಲಿ ಆ ಕಡೆಯ ಸೈನ್ಯಕ್ಕೂ ಈ ಕಡೆಯ ಸೈನ್ಯಕ್ಕೂ ಒಂದು ಕರಾರು. ಗೆರೆಯ ಹತ್ತಿರ ಹೊಸ ಕಂದಕ ತೋಡಬಾರದು, ಮುಳ್ಳುತಂತಿ ಎಳೆಯಬಾರದು, ಇರುವುದಕ್ಕಿಂತ ಹೆಚ್ಚು ಜನ ತರಬಾರದು. ಯಾರಾದರೂ ತೋಡಿದರೆಂದು ದೂರು ಹೋದರೆ ಎರಡು ಕಡೆಗೂ ಸೇರದ ಪರದೇಶದ ಆಫೀಸರುಗಳು ಬಿಳೀ ಜೀಪಿನಲ್ಲಿ ಬಂದು ನೋಡಿಕೊಂಡು ಹೋಗುತ್ತಿದ್ದರು.

"ಅಂಗಾದ್ರೆ ಜಗಳ ನಿಂತೋಯ್ತಾ?" ಎಂದು ಅಪ್ಪ ವ್ಯಂಗ್ಯವಾಗಿ ಕೇಳಿದ.

"ಜಗಳ ಎಲ್ಲಿ ನಿಲ್ತದೆ? ಅವರು ನಮಗೆ ಬೈತಿದ್ರು, ನಾವು ಅವರಿಗೆ ಬೈತಿದ್ವಿ. ಕದ್ದು ತೋಡ್ತಿದ್ರು, ನಾವೂ ತೋಡ್ತಿದ್ವಿ. ಆದ್ರೆ ಆ ಕಡೆ ಏನಿದೆ ಅಂತ ಗೊತ್ತಿತ್ತು. ಗೊತ್ತಿದ್ರೆ ಟೈರು ಸಿಡಿದಾಗ ಯಾರೂ ಓಡಿ ಬರಲ್ಲ."

ಅವತ್ತು ಅಲ್ಲಿಯೇ ಮಾತು ಮುಗಿಯಲಿಲ್ಲ. ಎರಡು ಮನೆಯವರು ಹವಾಲ್ದಾರರನ್ನು ಬೇರೆ ಬೇರೆಯಾಗಿ ಕರೆಸಿಕೊಂಡರು, ಬೈದರು, ಮತ್ತೆ ಕರೆಸಿದರು. ಕೊನೆಗೆ ಒಪ್ಪಿದ್ದು ಇಷ್ಟು. ಹಂದಿಗೆಂದು ಮನೆಗೊಂದು ಕೇಪಿನ ಕೋವಿ. ಲೈಸೆನ್ಸಿನ ಉಳಿದ ಕೋವಿಗಳು ಸಿರಾದ ಅಂಗಡಿಯಲ್ಲಿ, ಏಕೆಂದರೆ ಬೇರೆಯವರ ಕೋವಿಗಳನ್ನು ಜೋಪಾನಕ್ಕೆ ಇಟ್ಟುಕೊಳ್ಳಲು ಅವರಿಗೆ ಸರ್ಕಾರದ ಅನುಮತಿಯಿತ್ತು. ಕಳ್ಳ ಕೋವಿಗಳನ್ನು ಕುಲುಮೆಯಲ್ಲಿ ಎಲ್ಲರ ಎದುರು ಬಡಿದು ನೇಗಿಲ ಕುಡ ಮಾಡುವುದು. ಬಾವಿಯ ಸುತ್ತಿನ ಹೊಲಕ್ಕೆ ಯಾರೂ ಕೋವಿ ತರಕೂಡದು. ಇನ್ನು ನೋಡಿ ಬರುವವರು ಯಾರು ಎಂದಾಗ ಹವಾಲ್ದಾರರು ನನ್ನ ಕಡೆ ಬೆರಳು ತೋರಿಸಿದರು.

"ಈ ಹುಡುಗಿ. ಎರಡು ಮನೇಲೂ ಇವಳಿಗೆ ಬೈಯ್ತಾರೆ. ಇವಳೇ ಸರಿ."

ನಾನು ಒಂದೇ ಷರತ್ತು ಹಾಕಿದೆ. ನನಗೆ ಕಂಡದ್ದನ್ನು ಒಬ್ಬರ ಕಿವಿಯಲ್ಲಿ ಹೇಳುವುದಿಲ್ಲ. ಬಾವಿಕಟ್ಟೆಯಲ್ಲಿ ಇಬ್ಬರೂ ಎದುರಿದ್ದಾಗ ಹೇಳುತ್ತೇನೆ.

ಅಂದಿನಿಂದ ನಾನು ಎರಡೂ ಮನೆಗಳ ಪಾಲಿಗೆ ಮಾರಿಯಾದೆ. ಹಬ್ಬದ ಅಡಿಗೆ ನಡೆಯುವಾಗ, ಅತ್ತೆ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿರುವಾಗ, ಮನಸ್ಸಿಗೆ ಬಂದ ಹೊತ್ತಿನಲ್ಲಿ ನಾನು ಅಟ್ಟ ಹತ್ತುತ್ತಿದ್ದೆ. ಕಾಳು ತುಂಬುವ ವಾಡೆಗಳ ಮುಚ್ಚಳ ತೆಗೆಯುತ್ತಿದ್ದೆ, ಕೊಟ್ಟಿಗೆಯ ಸೂರಿಗೆ ಕೈಹಾಕುತ್ತಿದ್ದೆ. ಸೊಸೆಯ ಕೈಗೆ ಉಗ್ರಾಣದ ಬೀಗದಕೈ ಕೊಡಬೇಕಾದ ಅವಮಾನವನ್ನು ಅತ್ತೆ ಸಾಯುವವರೆಗೂ ಮರೆಯಲಿಲ್ಲ. "ನೋಡ್ಕೋ, ನನ್ನ ಸೀರೆ ನೆರಿಗೇಲೂ ನೋಡ್ಕೋ, ತುಪಾಕಿ ಐತೇನೋ," ಎಂದು ಬೀಗದಕೈಯನ್ನು ನೆಲಕ್ಕೆ ಎಸೆಯುತ್ತಿದ್ದರು. ನಾನು ಬಗ್ಗಿ ತೆಗೆದುಕೊಳ್ಳುತ್ತಿದ್ದೆ. ತವರಿನಲ್ಲಿ ಅಮ್ಮ ಬೈಯಲಿಲ್ಲ. ನಾನು ಬಂದೆನೆಂದರೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಮಗು ಹುಟ್ಟಿದ ಮೇಲೆ ಅದನ್ನು ಸೊಂಟಕ್ಕೆ ಹಾಕಿಕೊಂಡೇ ತಿರುಗಿದೆ.

ಹೀಗೆಯೇ ಕೆಲವು ವರ್ಷ ನಡೆಯಿತು. ಗುಂಡು ಹಾರಲಿಲ್ಲ. ಬೈಗುಳ ಮಾತ್ರ ಎರಡರಷ್ಟಾಯಿತು. ಕೋವಿ ಎತ್ತಲಾಗದ ಕೈಗಳು ಪರಸ್ಪರರ ಬೇಲಿ ಕಿತ್ತವು, ಎತ್ತಿನ ಹಗ್ಗ ಕೊಯ್ದವು. ನಾನು ಅದಕ್ಕೆ ತಲೆಹಾಕಲಿಲ್ಲ. ನನಗೆ ಒಪ್ಪಿಸಿದ್ದು ಕೋವಿಯ ಕೆಲಸ.

ಒಂದು ಬೇಸಗೆಯಲ್ಲಿ ತವರಿನ ಹಗೇವನ್ನು ತೆರೆಸಿದೆ. ಹಗೇವಿನೊಳಗೆ ಉಸಿರು ಕಟ್ಟುವ ಬಿಸಿಗಾಳಿ ಇರುತ್ತದೆಂದು ಬೆಳಿಗ್ಗೆಯೇ ಬಾಯಿ ತೆಗೆಸಿ, ಗಾಳಿ ಆಡಿದ ಮೇಲೆ ಆಳನ್ನು ಇಳಿಸಿದೆ. ರಾಗಿಯ ಅಡಿಯಲ್ಲಿ ಅವನ ಕಾಲಿಗೆ ಗಟ್ಟಿಯಾದದ್ದು ತಗಲಿತು. ಎಣ್ಣೆ ಬಟ್ಟೆ ಸುತ್ತಿದ ಕೋವಿ, ಹೊಸದು. ಮೇಲೆ ಬಂದ ಕೋವಿಯನ್ನು ನೋಡುತ್ತಾ ನಾನು ನಿಂತಿದ್ದಾಗ ಚಿಕ್ಕಪ್ಪ ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಅದನ್ನ ಮಡಗು," ಎಂದ.

"ಇದು ನಿಂದಾ ಚಿಕ್ಕಪ್ಪಾ?"

"ನಂದೇ. ಏನೀಗ? ನನ್ನ ಕಣ್ಣು ಕಿತ್ತ ಮನೇಲಿ ಉಣ್ತಾ ಇದ್ದೀಯ. ನಿನ್ನ ಎತ್ತಿ ಆಡ್ಸಿದ್ದು ನಾನು. ನನ್ನ ಮೇಲೆ ಹೇಳ್ತೀಯಾ?"

"ಹೇಳ್ತೀನಿ."

"ಹೇಳಿದ್ರೆ ಈ ಬಾಗಲು ನಿನಗೆ ಮುಚ್ತು ಅಂತ ತಿಳ್ಕೋ. ನಾನು ಸತ್ತರೂ ಮಣ್ಣು ಹಾಕೋಕೆ ಬರಬ್ಯಾಡ."

ನಾನು ಹೇಳಿದೆ. ಬಾವಿಕಟ್ಟೆಯಲ್ಲಿ, ಅಪ್ಪನ ಮುಂದೆ, ಮಾವನ ಮುಂದೆ. ಅಪ್ಪನ ಮುಖ ಕಪ್ಪಿಟ್ಟಿತು. ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಮಾವ ಮಾತ್ರ ಹಬ್ಬ ಬಂದವರಂತೆ ಎದ್ದು ನಿಂತರು.

"ಇಂಕ ಚಾಲು! ಸಾಕು! ಕರಾರು ಮುರಿದೋಯ್ತು. ನಾಳೇನೇ ಸಿರಾಕ್ಕೆ ಹೋಗಿ ನಮ್ಮ ತುಪಾಕಿಗಳ್ನ ತರ್ತೀನಿ."

ನನಗೆ ಅವರ ಮೇಲೆ ಚಿಕ್ಕಪ್ಪನಿಗಿಂತ ಹೆಚ್ಚು ಸಿಟ್ಟು ಬಂತು. ಜೀವಮಾನದಲ್ಲಿ ಮೊದಲ ಸಲ ಮಾವನಿಗೆ ಎದುರಾಡಿದೆ. "ಎಂಗ್ ಮುರೀತು? ಬಚ್ಚಿಟ್ಟಿದ್ದು ಸಿಕ್ತು ತಾನೆ? ಸಿಗದೇ ಇದ್ದಿದ್ರೆ ಮುರೀತು ಅನ್ನಿ. ನೋಡು ಅಂತ ನನಗೆ ಹೇಳಿದ್ರಿ, ನೋಡ್ದೆ. ಈ ಕೋವಿ ಕುಲುಮೆಗೆ ಹೋಗ್ಲಿ. ನೀವು ಸಿರಾಕ್ಕೆ ಹೋದ್ರೆ ನಾನು ಈ ಮಗೂನ ಎತ್ಕೊಂಡು ಎರಡು ಮನೇನೂ ಬುಟ್ಟು ಹೋಗ್ತೀನಿ. ಆಮೇಲೆ ಮತ್ತೆ ಇಪ್ಪತ್ತು ಕೋವಿ ಅವೆ, ಮೂವತ್ತು ಕೋವಿ ಅವೆ ಅಂತ ಹೆದರ್ಕೊಂಡು ಬದುಕ್ರಿ."

ನನ್ನ ಗಂಡ ಅಷ್ಟು ಹೊತ್ತೂ ತಲೆತಗ್ಗಿಸಿ ಕೂತಿದ್ದವನು ಆಗ ಒಂದೇ ಮಾತಾಡಿದ. "ಅವಳು ಹೇಳಿದಂಗೆ ಆಗ್ಲಿ ಅಪ್ಪಾ. ಅವತ್ತು ನನ್ನ ಎದೆಗೆ ಗುರಿ ಹಿಡಿದಿದ್ದು ನಿಮಗೆ ಕಾಣಲಿಲ್ಲ, ಅವಳಿಗೆ ಕಂಡಿತ್ತು." ಮಾವ ಅವನನ್ನು ಸುಡುವಂತೆ ನೋಡಿದರು. ಆದರೆ ಸಿರಾಕ್ಕೆ ಹೋಗಲಿಲ್ಲ. ಚಿಕ್ಕಪ್ಪನ ಕೋವಿ ಕುಲುಮೆಗೆ ಹೋಯಿತು. ಅವನು ಹೇಳಿದ ಮಾತನ್ನೂ ಉಳಿಸಿಕೊಂಡ. ಆಮೇಲೆ ನಾನು ತವರಿನೊಳಗೆ ಕಾಲಿಟ್ಟದ್ದೆಲ್ಲ ಹುಡುಕುವುದಕ್ಕೆ ಮಾತ್ರ. ಒಂದು ಲೋಟ ಮಜ್ಜಿಗೆಯನ್ನೂ ಅಲ್ಲಿ ಮತ್ತೆ ಕುಡಿಯಲಿಲ್ಲ.

ಪಾಕಿಸ್ತಾನದ ಜೊತೆ ಯುದ್ಧ ಶುರುವಾದ ವರ್ಷ ಪಾವಗಡದ ಅಂಗಡಿಬೀದಿಯ ರೇಡಿಯೋ ಮುಂದೆ ಜನ ಜಾತ್ರೆಯಂತೆ ಸೇರುತ್ತಿದ್ದರು. ಹವಾಲ್ದಾರರು ಕಾವಲಿದ್ದ ಆ ಗೆರೆಯನ್ನು ದಾಟಿ ಹೊಡೆದಾಟ ನಡೆಯುತ್ತಿದೆ ಎಂಬ ಸುದ್ದಿ ಬರುತ್ತಿತ್ತು. ಅದೇ ಹೊತ್ತಿನಲ್ಲಿ ನಮ್ಮೂರಿನಲ್ಲಿ ಬೇರೊಂದು ಮಾತು ಎದ್ದಿತು. ಮೊದಲು ಆಡಿದ್ದು ಯಾರೋ, ನಾನು ಕೇಳಿದ್ದು ಮಾವನ ಬಾಯಿಂದ. "ನಮ್ಮ ತುಪಾಕಿ ಆ ಸಾಬನ ಕೈಲಿ ಅವೆಯಲ್ಲಾ. ಈಗ ಅವ್ನು ಯಾರ ಕಡೆ?"

ಆ ಮಾತು ದಿಬ್ಬ ಹತ್ತಲು ಅರ್ಧ ದಿನವೂ ಬೇಕಾಗಲಿಲ್ಲ. ಮಾರನೆಯ ದಿನ ನಾನು ನಂಬಲಾಗದ ನೋಟ ನೋಡಿದೆ. ಅಪ್ಪ ಮತ್ತು ಮಾವ ಒಂದೇ ಬಸ್ಸು ಹತ್ತಿದರು. ಇಷ್ಟು ವರ್ಷ ಒಬ್ಬರ ನೆರಳು ಒಬ್ಬರು ತುಳಿಯದವರು, ತಮ್ಮಿಬ್ಬರ ಮೊಮ್ಮಗನಿಗೆ ಹೆಸರಿಡುವ ದಿನವೂ ಒಟ್ಟಿಗೆ ಕೂರದವರು, ಸಾಬರ ಮೇಲಿನ ಅನುಮಾನಕ್ಕೆ ಪಕ್ಕಪಕ್ಕ ಕೂತರು. ನಾನೂ ಮಗುವನ್ನು ಎತ್ತಿಕೊಂಡು ಹತ್ತಿದೆ. ಇಳಿ ಎಂದರು. ಇಳಿಯಲಿಲ್ಲ. ಮಧುಗಿರಿಯಲ್ಲಿ ಬಸ್ಸು ಬದಲಾಯಿಸುವಾಗ ಇಬ್ಬರೂ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿದರು. ನಾನು ಮಗುವನ್ನು ಎತ್ತಿಕೊಂಡು ಹೊರಗೇ ನಿಂತೆ.

ಸಿರಾದ ಅಂಗಡಿಯಲ್ಲಿ ಹವಾಲ್ದಾರರು ಕೋವಿಯ ಹಿಡಿಯೊಂದನ್ನು ಉಜ್ಜುತ್ತಾ ಕೂತಿದ್ದರು. ಇಬ್ಬರನ್ನೂ ಒಟ್ಟಿಗೆ ನೋಡಿದ್ದೇ ಅವರಿಗೆ ಎಲ್ಲ ಅರ್ಥವಾಗಿರಬೇಕು. ಕೂರಿ ಎನ್ನಲಿಲ್ಲ.

"ನಮ್ಮವನ್ನ ನಮಗೆ ಕೊಟ್ಬುಡಿ ಸಾಬ್ರೆ," ಎಂದ ಅಪ್ಪ. "ಕಾಲ ಸರಿಯಿಲ್ಲ."

"ಯಾರ ಕಾಲ?"

ಮಾವ ಬಾಯಿ ಹಾಕಿದರು. "ಇಂಥಾ ಹೊತ್ನಾಗೆ ತುಪಾಕಿ ನಿಮ್ಮಂತೋರ ಹತ್ರ ಇರಬಾರ್ದು ಅಂತ ಊರೋರು ಅಂತವ್ರೆ."

ಹವಾಲ್ದಾರರು ಉಜ್ಜುವುದನ್ನು ನಿಲ್ಲಿಸಿದರು. ಆದರೆ ಕೂಗಾಡಲಿಲ್ಲ. ಒಳಗಿನಿಂದ ಕೋವಿಗಳನ್ನು ತಂದು, ಗಾಡಿಯೊಂದಕ್ಕೆ ಹೇರಿಸಿ, ನಮ್ಮ ಮುಂದೆಯೇ ನಡೆದು ಪೊಲೀಸ್ ಠಾಣೆಗೆ ಹೋದರು. ನಾವು ಹಿಂದೆ ಹೋದೆವು. "ಇವು ಈ ಇಬ್ಬರು ಯಜಮಾನರವು. ಒಬ್ಬರನ್ನೊಬ್ಬರು ಕೊಲ್ಲದೇ ಇರಲಿ ಅಂತ ನನ್ನ ಹತ್ರ ಇಟ್ಟಿದ್ರು. ಇನ್ನು ನಾನು ಇಡೋದಿಲ್ಲ. ಇವರು ಕೇಳಿದ್ರೆ ಯೋಚನೆ ಮಾಡಿ ಕೊಡಿ," ಎಂದು ಅಲ್ಲಿದ್ದ ಅಧಿಕಾರಿಗೆ ಹೇಳಿದರು. ಯುದ್ಧದ ಕಾಲ. ಊರಿನ ಹಳೇ ವ್ಯಾಜ್ಯವೆಂದು ಕೇಳಿದ ಮೇಲೆ ಅಧಿಕಾರಿ ಕೋವಿಗಳನ್ನು ಒಳಗಿಟ್ಟು ಬೀಗ ಹಾಕಿಸಿದ. ಅಪ್ಪನೂ ಮಾವನೂ ಎಷ್ಟು ಗೋಗರೆದರೂ ಕೊಡಲಿಲ್ಲ. ಬರುವಾಗ ಬಸ್ಸಿನಲ್ಲಿ ಅವರು ಮತ್ತೆ ಬೇರೆ ಬೇರೆ ಕೂತರು. ತಪ್ಪು ಯಾರದ್ದೆಂದು ಜಗಳವಾಡಿದ್ದರು.

ಯುದ್ಧ ನಿಂತ ಮೇಲೂ ಆ ಕೋವಿಗಳು ಹಿಂದಕ್ಕೆ ಬರಲಿಲ್ಲ. ಲೈಸೆನ್ಸು ಹೊಸದು ಮಾಡಿಕೊಡಲು ಅಧಿಕಾರಿಗಳು ಒಪ್ಪಲಿಲ್ಲ. ಮನೆಗೊಂದು ಕೋವಿ ಉಳಿಯಿತು. ನಾನು ಅಟ್ಟ ಹತ್ತುವುದನ್ನೂ, ಬೀಗದಕೈ ಎತ್ತಿಕೊಳ್ಳುವುದನ್ನೂ ಬಿಡಲಿಲ್ಲ. ಬಾವಿಯ ಹತ್ತಿರ ಯಾರೂ ಸಾಯಲಿಲ್ಲ, ಮತ್ತೆ ಯಾರ ಕಣ್ಣೂ ಹೋಗಲಿಲ್ಲ. ಇದನ್ನು ಸ್ನೇಹವೆಂದು ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ. ಎರಡು ಮನೆಗಳ ನಡುವೆ ಸ್ನೇಹ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ.

ಮಗ ಶಾಲೆಗೆ ಸೇರಿದ ವರ್ಷ ನಾನೊಬ್ಬಳೇ ಸಿರಾಕ್ಕೆ ಹೋದೆ. ನಮ್ಮವರು ಆಡಿದ ಮಾತಿಗೆ ನಾನಾದರೂ ಏನಾದರೂ ಹೇಳಬೇಕೆನಿಸಿತ್ತು. ಹವಾಲ್ದಾರರು ಕೋವಿ ರಿಪೇರಿ ಬಿಟ್ಟು ಅದೇ ಅಂಗಡಿಯಲ್ಲಿ ಸೈಕಲ್ಲಿನ ಪಂಕ್ಚರು ಹಾಕುತ್ತಿದ್ದರು. ನನ್ನನ್ನು ಗುರುತಿಸಿದರು. ಆದರೂ ಗಾಲಿಯಿಂದ ಕಣ್ಣೆತ್ತಲಿಲ್ಲ.

"ಅವರು ಹಂಗೆ ಮಾತಾಡಬಾರದಿತ್ತು," ಎಂದೆ.

"ಗೆರೆ ಮೇಲೆ ಇದ್ದಾಗ ಆ ಕಡೆಯೋರು ನನ್ನ ನಂಬಲಿಲ್ಲ. ಸರಿ, ಅದು ಅವರ ಕೆಲಸ," ಎಂದರು. ಸ್ವಲ್ಪ ಹೊತ್ತು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕಿದರು. "ನಿಮ್ಮೋರು ನಮ್ಮೋರೇ ಅಂತ ತಿಳಿದಿದ್ದೆ."

ಒಳಗಿನಿಂದ ಅವರ ಹೆಂಡತಿ ಕುಡಿಯಲು ನೀರು ತಂದುಕೊಟ್ಟರು. ನಾನು ಕುಡಿಯುವವರೆಗೂ ಹವಾಲ್ದಾರರು ಟ್ಯೂಬಿನ ತೂತಿನ ಸುತ್ತ ರಬ್ಬರು ಉಜ್ಜುತ್ತಿದ್ದರು. ಆಮೇಲೆ, "ಮಧುಗಿರಿ ಬಸ್ಸು ಹೊರಡೋ ಹೊತ್ತಾಯ್ತು. ಹೋಗಮ್ಮ," ಎಂದರು. ನಾನು ಹೋದೆ.